ಗಣಕಶಾಸ್ತ್ರವು ಪದವಿಯ ವಿಷಯವಾದ ಬಗೆ

ಪ್ರತಿ ವರ್ಷವೂ ಬೇಸಗೆಯ ಕೊನೆಯಲ್ಲಿ, ಪದವಿಪೂರ್ವ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದೊಡನೆ, ನಮ್ಮ ನಾಡಿನ ವಿದ್ಯಾವಂತರ ಮನೆಗಳಲ್ಲಿ ಒಂದೇ ಮಾತು ಕೇಳಿಬರುವುದು: ಹುಡುಗನಿಗೆ ಅಥವಾ ಹುಡುಗಿಗೆ ‘ಕಂಪ್ಯೂಟರ್ ಸೈನ್ಸ್’ ದೊರೆಯಿತೇ, ಇಲ್ಲವೇ ಎಂಬುದು. ದೊರೆತರೆ ಸಿಹಿ ಹಂಚುವರು. ದೊರೆಯದಿದ್ದರೆ ಸಿವಿಲ್, ಮೆಕ್ಯಾನಿಕಲ್ ಮೊದಲಾದ ಹಿರಿಯ ಶಾಖೆಗಳನ್ನು ನಿಟ್ಟುಸಿರಿನೊಡನೆ ಒಪ್ಪಿಕೊಳ್ಳುವರು. ಈ ಸಡಗರವನ್ನು ನೋಡಿದವರಿಗೆ, ಈ ವಿಷಯವು ಗಣಿತ ವೈದ್ಯಗಳಂತೆ ಬಹುಕಾಲದಿಂದ ವಿಶ್ವವಿದ್ಯಾನಿಲಯಗಳಲ್ಲಿ ನೆಲೆಸಿದ್ದಿತೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಅರುವತ್ತು ವರ್ಷಗಳ ಹಿಂದೆ ಇಂಥದೊಂದು ಮೊದಲ ಪದವಿಯನ್ನು ಕೊಡುತ್ತಿದ್ದ ವಿಶ್ವವಿದ್ಯಾನಿಲಯಗಳನ್ನು ಬೆರಳಿನ ಮೇಲೆ ಎಣಿಸಬಹುದಾಗಿದ್ದಿತು. ಭಾರತದಲ್ಲಿ ಒಂದೂ ಇರಲಿಲ್ಲ.

ಸಾಮಾನ್ಯವಾಗಿ ಒಂದು ವಿದ್ಯೆಯು ಕೆಳಗಿನಿಂದ ಮೇಲಕ್ಕೆ ಬೆಳೆಯುವುದು. ಮೊದಲು ಶಾಲೆಯ ಪಾಠ, ಆಮೇಲೆ ಪದವಿ, ಅದರ ಮೇಲೆ ಉನ್ನತ ವ್ಯಾಸಂಗ ಮತ್ತು ಸಂಶೋಧನೆ. ಗಣಕಶಾಸ್ತ್ರದ ಮಾತು ಮಾತ್ರ ಇದಕ್ಕೆ ವಿಪರೀತ. ಅದು ಮೇಲಿನಿಂದ ಕೆಳಕ್ಕೆ ಇಳಿದು ಬಂದಿತು. ಮೊದಲು ಯಂತ್ರ, ಬಳಿಕ ಅದನ್ನು ನಡೆಸುವವರ ಅಲ್ಪಕಾಲದ ಶಿಕ್ಷಣ, ಬಳಿಕ ಉನ್ನತ ಪದವಿ, ಎಲ್ಲಕ್ಕೂ ಕೊನೆಯಲ್ಲಿ ಮೊದಲ ಪದವಿ. ಹೀಗೇಕಾಯಿತೆಂದು ವಿಚಾರಿಸಿದರೆ ಅದರ ಹಿಂದೆ ಒಂದು ದೊಡ್ಡ ವಾದವಿರುವುದು ಕಾಣುತ್ತದೆ. ಇದು ವಿದ್ಯೆಯೋ, ಕಸುಬೋ? ಹದಿನೆಂಟು ವಯಸ್ಸಿನವರಿಗೆ ನಾಲ್ಕು ವರ್ಷ ಕಲಿಸುವಷ್ಟು ತಿರುಳು ಇದರಲ್ಲಿರುವುದೋ, ಅಥವಾ ಆರು ತಿಂಗಳ ಅಭ್ಯಾಸದಲ್ಲಿ ಮುಗಿಯುವ ಕೈಗಾರಿಕೆಯೋ? ಈ ಪ್ರಶ್ನೆಯು ಪೂರ್ತಿಯಾಗಿ ಇತ್ಯರ್ಥವಾಗದೆಯೇ ಪದವಿಯು ಹುಟ್ಟಿತು.

ಹೆಸರಿನ ವಿಷಯದಲ್ಲಿ ಒಂದು ಮಾತು. ನಮ್ಮ ಹಳೆಯ ಬರವಣಿಗೆಯಲ್ಲಿ ಗಣಕನೆಂದರೆ ಲೆಕ್ಕ ಹಾಕುವವನು, ಜೋಯಿಸ. ಅವನು ಮನುಷ್ಯನೇ ಹೊರತು ಯಂತ್ರವಲ್ಲ. ಇಂಗ್ಲಿಷಿನ ಕಂಪ್ಯೂಟರ್ ಎಂಬ ಶಬ್ದವೂ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಲೆಕ್ಕಾಚಾರದ ಕೆಲಸಕ್ಕೆ ನೇಮಕವಾದ ಮನುಷ್ಯರನ್ನೇ ಹೇಳುತ್ತಿದ್ದಿತು. ಎರಡು ಭಾಷೆಗಳಲ್ಲಿಯೂ ಹೆಸರು ಆಳಿನಿಂದ ಯಂತ್ರಕ್ಕೆ ಸಂದಿತು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಶಾಲೆಯಲ್ಲಿ ಮಾರಿಸ್ ವಿಲ್ಕ್ಸ್ ಎಂಬ ಭೌತವಿಜ್ಞಾನಿಗಳ ನೇತೃತ್ವದಲ್ಲಿ ನಿರ್ಮಿತವಾದ ಎಡ್ಸಾಕ್ ಯಂತ್ರವು ೧೯೪೯ನೆಯ ಮೇ ೬ರಂದು ತನ್ನ ಮೊದಲ ಲೆಕ್ಕವನ್ನು, ಎಂದರೆ ವರ್ಗಸಂಖ್ಯೆಗಳ ಒಂದು ಕೋಷ್ಟಕವನ್ನು, ಮಾಡಿ ಮುಗಿಸಿತು. ಯಂತ್ರವು ನಡೆದ ಕೆಲವು ವಾರಗಳಲ್ಲಿಯೇ ವಿಲ್ಕ್ಸರಿಗೆ ಒಂದು ಸಂಗತಿ ಅರಿವಾಯಿತು. ಯಂತ್ರಕ್ಕೆ ಕೊಡತಕ್ಕ ಆಜ್ಞೆಗಳ ಸರಣಿಯನ್ನು, ಎಂದರೆ ಕ್ರಮವಿಧಿಯನ್ನು, ತಪ್ಪಿಲ್ಲದೆ ಬರೆಯುವುದು ತಾವು ಎಣಿಸಿದಷ್ಟು ಸುಲಭವಲ್ಲ. ತಮ್ಮ ಉಳಿದ ಆಯುಷ್ಯದ ಬಹುಭಾಗವು ತಾವೇ ಬರೆದ ಕ್ರಮವಿಧಿಗಳ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆಯುವುದು! ಮೆಟ್ಟಿಲು ಹತ್ತುತ್ತಿರುವಾಗ ತಮಗೆ ಇದು ಹೊಳೆಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ನಮ್ಮ ಎಣಿಕೆಯಲ್ಲಿ ಗಣಕಶಾಸ್ತ್ರವು ವಿದ್ಯೆಯಾಗಲು ತೊಡಗಿದುದು ಆ ಮೆಟ್ಟಿಲ ಮೇಲೆ. ಯಂತ್ರವು ಸರಿಯಾಗಿದ್ದರೂ ಮನುಷ್ಯನ ಆಲೋಚನೆಯು ಸರಿಯಾಗಿರಲಿಕ್ಕಿಲ್ಲವೆಂದ ಮೇಲೆ, ಆಲೋಚನೆಯನ್ನು ತಿದ್ದುವ ಶಾಸ್ತ್ರವೊಂದು ಬೇಕಾಗುವುದಷ್ಟೆ.

೧೯೫೩ರಲ್ಲಿ ಕೇಂಬ್ರಿಜ್ ಒಂದು ವರ್ಷದ ಡಿಪ್ಲೊಮವನ್ನು ಏರ್ಪಡಿಸಿತು. ‘ಸಂಖ್ಯಾತ್ಮಕ ವಿಶ್ಲೇಷಣೆ ಮತ್ತು ಸ್ವಯಂಚಾಲಿತ ಗಣನೆ’ ಎಂಬುದು ಅದರ ಹೆಸರು. ಆಗಲೇ ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಮಾತ್ರ ಅದರಲ್ಲಿ ಪ್ರವೇಶವಿದ್ದಿತು. ಮೊದಲ ಪದವಿಗೆ ಈ ವಿಷಯವು ತಕ್ಕುದೆಂದು ಆಗ ಯಾರೂ ಭಾವಿಸಿರಲಿಲ್ಲ. ಈ ಡಿಪ್ಲೊಮವು ೨೦೦೮ರವರೆಗೆ ನಡೆಯಿತು.

ಆ ಕಾಲದಲ್ಲಿ ಈ ಕೆಲಸಕ್ಕೆ ಲೋಕದಲ್ಲಿದ್ದ ಗೌರವವೆಷ್ಟೆಂಬುದನ್ನು ತಿಳಿಯಲು ಒಂದು ಪ್ರಸಂಗ ಸಾಕು. ಎಡ್ಸ್‌ಗರ್ ಡೈಕ್‌ಸ್ಟ್ರ ಎಂಬ ಡಚ್ ತರುಣರು ೧೯೫೧ರಲ್ಲಿ ಕೇಂಬ್ರಿಜ್ಜಿಗೆ ಬಂದು ವಿಲ್ಕ್ಸರ ಬೇಸಗೆಯ ಪಾಠಗಳನ್ನು ಕೇಳಿ ಹೋಗಿದ್ದವರು. ೧೯೫೭ರಲ್ಲಿ ಅವರ ವಿವಾಹವಾಯಿತು. ಡಚ್ಚರ ಕಾನೂನಿನಂತೆ ವಿವಾಹದ ದಾಖಲೆಯಲ್ಲಿ ವೃತ್ತಿಯನ್ನು ಬರೆಯಿಸಬೇಕಾಗಿದ್ದಿತು. ಇವರು ‘ಪ್ರೋಗ್ರಾಮರ್’ ಎಂದು ಬರೆಯಿಸಹೋದರು. ಆಂಸ್ಟರ್‌ಡ್ಯಾಮ್ ನಗರದ ಅಧಿಕಾರಿಗಳು ಅಂಥ ವೃತ್ತಿಯೇ ಇಲ್ಲವೆಂದು ಅದನ್ನು ಒಪ್ಪಲಿಲ್ಲ. ಕೊನೆಗೆ ಅವರು ‘ಸೈದ್ಧಾಂತಿಕ ಭೌತವಿಜ್ಞಾನಿ’ ಎಂದು ದಾಖಲಾಗಬೇಕಾಯಿತು. ಈ ಶಾಸ್ತ್ರದಲ್ಲಿ ಅತ್ಯುಚ್ಚವೆನಿಸಿದ ಟ್ಯೂರಿಂಗ್ ಪುರಸ್ಕಾರವನ್ನು ೧೯೭೨ರಲ್ಲಿ ಸ್ವೀಕರಿಸುತ್ತ ಮಾಡಿದ ಭಾಷಣದಲ್ಲಿ ಇದನ್ನು ಅವರೇ ನಗುತ್ತ ವಿವರಿಸಿರುವರು. ಇಂದು ನಮ್ಮಲ್ಲಿ ವರನ ವೃತ್ತಿ ಇದೆಂದರೆ ಹೆಣ್ಣಿನ ಕಡೆಯವರ ಮುಖ ಅರಳುವುದನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ!

ಹೆಸರು ಮತ್ತು ಪದವಿ ಎರಡೂ ಖಚಿತವಾದುದು ಬಹುಮಟ್ಟಿಗೆ ಅಮೆರಿಕದಲ್ಲಿ. ಲೂಯಿ ಫೈನ್ ಎಂಬವರು ೧೯೫೯ರಲ್ಲಿ ಒಂದು ಲೇಖನವನ್ನು ಬರೆದು, ವಿಶ್ವವಿದ್ಯಾನಿಲಯಗಳು ಯಂತ್ರಗಳನ್ನು ಕೊಳ್ಳುವುದರಲ್ಲಿಯೇ ತೃಪ್ತಿಪಡದೆ ಈ ವಿಷಯಕ್ಕೆಂದೇ ಪ್ರತ್ಯೇಕವಾದ ಅಧ್ಯಯನ ವಿಭಾಗಗಳನ್ನು ತೆರೆಯಬೇಕೆಂದು ವಾದಿಸಿದರು. ೧೯೬೨ರಲ್ಲಿ ಇಂಡಿಯಾನ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾನಿಲಯವು ಸ್ಯಾಮ್ಯುಯಲ್ ಕಾಂಟ್ ಅವರ ಅಧ್ಯಕ್ಷತೆಯಲ್ಲಿ ಅಂಥ ವಿಭಾಗವನ್ನು ತೆರೆಯಿತು. ಅಮೆರಿಕದಲ್ಲಿ ಇದೇ ಮೊದಲನೆಯದು. ಅಲ್ಲಿಯೂ ಮೊದಲು ಉನ್ನತ ಪದವಿಗಳು, ಬಿ.ಎಸ್. ಪದವಿಗೆ ಮಂಜೂರಾತಿ ದೊರೆತುದು ೧೯೬೭ರಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಇದಕ್ಕಿಂತ ಎರಡು ವರ್ಷ ಮುಂದಿತ್ತು. ೧೯೪೮ರಲ್ಲಿಯೇ ಕ್ರಮವಿಧಿಯನ್ನು ತನ್ನ ಸ್ಮೃತಿಯಲ್ಲಿಟ್ಟುಕೊಂಡು ನಡೆಯುವ ಯಂತ್ರವನ್ನು ನಡೆಸಿ ತೋರಿಸಿದ್ದ ಆ ಊರಿನಲ್ಲಿ ಟಾಮ್ ಕಿಲ್ಬರ್ನರು ೧೯೬೪ರಲ್ಲಿ ವಿಭಾಗವನ್ನು ಸ್ಥಾಪಿಸಿ, ಮರುವರ್ಷವೇ ಮೊದಲ ಪದವಿಯ ತರಗತಿಯನ್ನು ತೆರೆದರು. ಸ್ಟ್ಯಾನ್‌ಫರ್ಡಿನಲ್ಲಿ ಜಾರ್ಜ್ ಫೋರ್ಸೈತ್ ಎಂಬ ಗಣಿತಜ್ಞರು ೧೯೬೫ರಲ್ಲಿ ಕಟ್ಟಿದ ವಿಭಾಗವು ಲೋಕಪ್ರಸಿದ್ಧವಾಯಿತು. ಆದರೆ ಅಲ್ಲಿ ಮೊದಲ ಪದವಿಗೆ ಈ ವಿಷಯವನ್ನು ಮುಖ್ಯವಾಗಿ ಆರಿಸಿಕೊಳ್ಳುವ ಅವಕಾಶ ಬಂದುದು ೧೯೮೬ರಲ್ಲಿ, ಎಂದರೆ ಇಪ್ಪತ್ತೊಂದು ವರ್ಷಗಳ ತರುವಾಯ. ದೊಡ್ಡವರೂ ಹೀಗೆ ತಡೆದರೆಂಬುದನ್ನು ವಾಚಕರು ಗಮನಿಸಬೇಕು.

ಈ ಪ್ರಥಮರಲ್ಲಿ ಒಬ್ಬರೂ ತಾವು ಕಲಿಸಹೊರಟ ವಿಷಯದಲ್ಲಿ ಪದವೀಧರರಾಗಿರಲಿಲ್ಲ. ಗಣಿತಜ್ಞರು, ಭೌತವಿಜ್ಞಾನಿಗಳು, ವಿದ್ಯುತ್ ಇಂಜಿನಿಯರುಗಳು ತಂತಮ್ಮ ಮನೆ ಬಿಟ್ಟು ಬಂದು ಹೊಸ ಮನೆ ಹೂಡಿದ್ದರು. ಆದಕಾರಣ ಬಿಟ್ಟು ಬಂದ ಮನೆಯವರಿಂದ ಮೂದಲೆಯ ಮಾತು ತಪ್ಪಲಿಲ್ಲ. ಯಂತ್ರವೊಂದರ ಮೇಲೆ ಶಾಸ್ತ್ರವಾಗುವುದುಂಟೆ? ಹಾಗಾದರೆ ಹೊಲಿಗೆಯಂತ್ರಕ್ಕೂ ಒಂದು ಶಾಸ್ತ್ರವಿರಬೇಡವೇ? ಇಂಥ ಆಕ್ಷೇಪಗಳಿಗೆ ೧೯೬೭ರಲ್ಲಿ ನ್ಯೂಯೆಲ್, ಪರ್ಲಿಸ್, ಸೈಮನ್ ಎಂಬ ಮೂವರು ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರದ ಸಾರಾಂಶವು ಬಹಳ ಸರಳ: ಎಲ್ಲಿ ವಿದ್ಯಮಾನಗಳಿರುವುವೋ ಅಲ್ಲಿ ಅವುಗಳನ್ನು ವಿವರಿಸುವ ಶಾಸ್ತ್ರವೂ ಇರಬಹುದು, ಗಿಡಮರಗಳಿರುವುದರಿಂದ ಸಸ್ಯಶಾಸ್ತ್ರವಿದೆ, ಗಣಕಗಳಿರುವುದರಿಂದ ಗಣಕಶಾಸ್ತ್ರವಿದೆ.

ಉತ್ತರವು ಚಮತ್ಕಾರವಾಗಿದ್ದರೂ ಪಾಠಶಾಲೆಗೆ ಅದು ಸಾಲದು. ಸೋಮವಾರ ಹತ್ತು ಗಂಟೆಗೆ ತರಗತಿಗೆ ಹೋದ ಉಪಾಧ್ಯಾಯನು ಏನನ್ನು ಹೇಳಬೇಕು? ಇದಕ್ಕೆ ವಿವರವಾದ ಉತ್ತರವನ್ನು ಕೊಟ್ಟುದು ಅಮೆರಿಕದ ಗಣಕ ವಿದ್ವಾಂಸರ ಸಂಘವಾದ ಎ.ಸಿ.ಎಂ. ತನ್ನ ಸಮಿತಿಯೊಂದರ ಮೂಲಕ ೧೯೬೮ರ ಮಾರ್ಚಿಯಲ್ಲಿ ಪ್ರಕಟಿಸಿದ ಪಾಠಕ್ರಮ. ಅದರ ತಳಹದಿ ನಾಲ್ಕು ಪಾಠಗಳು: ಗಣನೆಯ ಪ್ರವೇಶ, ಯಂತ್ರ ಮತ್ತು ಕ್ರಮವಿಧಿ, ವಿವಿಕ್ತ ರಚನೆಗಳು, ಸಂಖ್ಯಾತ್ಮಕ ಕಲನ. ಇವುಗಳ ಮೇಲೆ ದತ್ತಾಂಶಗಳನ್ನು ಜೋಡಿಸುವ ರೀತಿ, ಕ್ರಮವಿಧಿಯ ಭಾಷೆಗಳು, ಯಂತ್ರದ ಅಂಗರಚನೆ, ಒಂದು ಭಾಷೆಯಲ್ಲಿ ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ಭಾಷಾಂತರಕಗಳ ನಿರ್ಮಾಣ ಮುಂತಾದುವು ಕಟ್ಟಲ್ಪಟ್ಟಿದ್ದುವು. ವಿವಿಕ್ತ ರಚನೆಗಳೆಂದರೆ ಎಣಿಸಬಹುದಾದ ವಸ್ತುಗಳ ಗಣಿತ. ಗಣಗಳು, ತರ್ಕ, ಜಾಲಗಳು, ಆಯ್ಕೆ ಜೋಡಣೆಗಳ ಎಣಿಕೆ ಇದರಲ್ಲಿ ಸೇರುವುವು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ, ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿರುವನು, ಆ ಸೂತ್ರವು ಈ ಪಾಠದಲ್ಲಿಯೂ ಬರುವುದು. ನಮ್ಮವರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಹೇಳಹೊರಡುವುದು ಅವಿವೇಕ. ಆದರೆ ಈ ವಿದ್ಯೆಯ ಬೇರು ಯಂತ್ರಕ್ಕಿಂತ ಬಹು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಇಂಥ ಪಾಠಗಳಿಂದ ಯಾವ ಬಗೆಯ ತಿಳಿವು ಹುಟ್ಟುವುದೆಂಬುದನ್ನು ಒಂದು ಉದಾಹರಣೆಯಿಂದ ಹೇಳಬಹುದು. ಒಂದು ಲಕ್ಷ ಹೆಸರುಗಳಿರುವ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಬೇಕಾಗಿದೆ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಒಂದು ಲಕ್ಷ ಸಲ ನೋಡಬೇಕಾಗಿ ಬರಬಹುದು. ಪಟ್ಟಿಯು ಅಕಾರಾದಿಯಾಗಿದ್ದರೆ ನಡುವಿನ ಹೆಸರನ್ನು ನೋಡಿ, ನಮ್ಮ ಹೆಸರು ಅದಕ್ಕೆ ಹಿಂದೋ ಮುಂದೋ ಎಂದು ತಿಳಿದು ಅರ್ಧವನ್ನು ಬಿಟ್ಟುಬಿಡಬಹುದು; ಉಳಿದ ಅರ್ಧದಲ್ಲಿ ಮತ್ತೆ ಹಾಗೆಯೇ. ಹೀಗೆ ಮಾಡಿದರೆ ಹದಿನೇಳು ಸಲದೊಳಗೆ ಕೆಲಸ ಮುಗಿಯುವುದು. ಕಿಟ್ಟೆಲರ ನಿಘಂಟನ್ನು ತಿರುವಿಹಾಕುವ ಪ್ರತಿಯೊಬ್ಬರೂ ಅರಿಯದೆಯೇ ಇದನ್ನು ಮಾಡುವರು. ಒಂದು ಲಕ್ಷಕ್ಕೂ ಹದಿನೇಳಕ್ಕೂ ಇರುವ ಅಂತರವು ಯಾವ ಯಂತ್ರದ ವೇಗದಿಂದಲೂ ಬಂದುದಲ್ಲ, ಆಲೋಚನೆಯಿಂದ ಬಂದುದು. ಯಂತ್ರಗಳು ಹತ್ತು ಸಲ ಬದಲಾದರೂ ಈ ಹದಿನೇಳು ಹದಿನೇಳಾಗಿಯೇ ಉಳಿಯುವುದು.

೧೯೬೮ರ ಪಾಠಕ್ರಮವನ್ನು ಎಲ್ಲರೂ ಮೆಚ್ಚಲಿಲ್ಲ. ಅದೇ ವರ್ಷ ಟ್ಯೂರಿಂಗ್ ಪುರಸ್ಕಾರ ಪಡೆದ ರಿಚರ್ಡ್ ಹ್ಯಾಮಿಂಗರು, ಇದರಲ್ಲಿ ಕೈಕೆಲಸದ ಅಂಶವು ಸಾಲದೆಂದೂ, ಯಂತ್ರವೇ ಈ ವಿಷಯದ ಹೃದಯವಾಗಿರುವುದರಿಂದ ಪ್ರಯೋಗಶಾಲೆಯಲ್ಲಿ ಕುಳಿತು ಗಮನಾರ್ಹವಾದ ಕ್ರಮವಿಧಿಯೊಂದನ್ನು ಬರೆದು ನಡೆಸದವನಿಗೆ ಪದವಿ ಸಲ್ಲದೆಂದೂ ಹೇಳಿದರು. ಈ ಎರಡು ಪಕ್ಷಗಳ ಜಗ್ಗಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶಕ್ಕೆ ಬರೋಣ.

ಭಾರತಕ್ಕೆ ಬಂದ ಮೊದಲ ಅಂಕಗಣಕವು ೧೯೫೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ನಿರ್ಮಿಸಿದ ಟಿಫ್ರಾಕ್ ೧೯೬೦ರಲ್ಲಿ ಪೂರ್ಣವಾಗಿ ಕೆಲಸಮಾಡತೊಡಗಿತು. ಇವೆರಡೂ ಸಂಶೋಧನೆಯ ಮನೆಗಳು, ಪದವಿಯ ಮಕ್ಕಳಿಗೆ ಅಲ್ಲಿ ತಾವಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಅಮೆರಿಕದಿಂದ ಸಂದರ್ಶಕರಾಗಿ ಬಂದಿದ್ದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರ ಆಶ್ರಯದಲ್ಲಿ ೧೯೫೦ರ ದಶಕದ ನಡುವೆ ಪ್ರೆಡ ಎಂಬ ಸಾದೃಶ್ಯಗಣಕವೊಂದು ಸಿದ್ಧವಾಯಿತು. ಅದರ ನಿರ್ಮಾಣದಲ್ಲಿ ಕೈಸೇರಿಸಿದ ವಿದ್ಯಾರ್ಥಿಗಳಲ್ಲಿ ವೈದ್ಯೇಶ್ವರನ್ ರಾಜಾರಾಮನ್ ಒಬ್ಬರು. ಎಂ.ಐ.ಟಿ.ಯಲ್ಲಿಯೂ ವಿಸ್ಕಾನ್ಸಿನ್ನಿನಲ್ಲಿಯೂ ವ್ಯಾಸಂಗ ಮುಗಿಸಿ ಅವರು ಕಾನ್ಪುರದ ಹೊಸ ಐ.ಐ.ಟಿ.ಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಉಪಾಧ್ಯಾಯರಾದರು. ಬೆಂಗಳೂರಿನಲ್ಲಿ ಹೊತ್ತಿದ ಕಿಡಿಯು ಕಾನ್ಪುರದಲ್ಲಿ ದೀಪವಾಯಿತು.

ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳು ಕೂಡಿ ಕಾನ್ಪುರಕ್ಕೆ ೧೯೬೨ರಿಂದ ಹತ್ತು ವರ್ಷ ನೆರವಾದುವು. ಮೇಲೆ ಹೇಳಿದ ಪರ್ಡ್ಯೂ ಅವುಗಳಲ್ಲಿ ಒಂದು. ೧೯೬೩ರ ಆಗಸ್ಟಿನಲ್ಲಿ ಐ.ಬಿ.ಎಂ. ೧೬೨೦ ಎಂಬ ಯಂತ್ರವು ಅಲ್ಲಿ ಸ್ಥಾಪಿತವಾಯಿತು. ಈ ಯಂತ್ರದ ಗುಣವೊಂದನ್ನು ಹೇಳಲೇಬೇಕು. ಇದಕ್ಕೆ ತಾನಾಗಿ ಕೂಡಲು ಬರುತ್ತಿರಲಿಲ್ಲ. ಕೂಡುವ ಗುಣಿಸುವ ಕೋಷ್ಟಕಗಳನ್ನು ಅದರ ಸ್ಮೃತಿಯಲ್ಲಿ ಮೊದಲು ತುಂಬಬೇಕಾಗಿದ್ದಿತು. ಏಳು ಮತ್ತು ಎಂಟು ಕೂಡಿದರೆ ಎಷ್ಟೆಂದು ಕೇಳಿದರೆ, ಕೂಲಿಮಠದ ಹುಡುಗನು ಮಗ್ಗಿಯನ್ನು ನೆನೆಯುವಂತೆ ಅದು ಕೋಷ್ಟಕವನ್ನು ನೋಡಿ ಹೇಳುತ್ತಿದ್ದಿತು. ಯಾರಾದರೂ ಆ ಕೋಷ್ಟಕವನ್ನು ಕೆಡಿಸಿದರೆ ಲೆಕ್ಕವೆಲ್ಲ ತಪ್ಪು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯ ಬೇಕೆ? ಯಂತ್ರದಲ್ಲಿ ಮಾಯವೇನೂ ಇಲ್ಲ, ನಾವು ತುಂಬಿದುದನ್ನೇ ಅದು ನಮಗೆ ಹಿಂದಿರುಗಿಸುವುದೆಂದು ಅದು ಮೊದಲ ದಿನವೇ ಕಲಿಸುತ್ತಿದ್ದಿತು.

ವಿದ್ಯಾರ್ಥಿಯು ಕ್ರಮವಿಧಿಯನ್ನು ಕಾಗದದ ಮೇಲೆ ಬರೆದು, ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ರಂಧ್ರಗಳಾಗಿ ಕೊರೆಯಿಸಿ, ಆ ಕಟ್ಟನ್ನು ಯಂತ್ರದ ಕೋಣೆಗೆ ಒಪ್ಪಿಸಿ ಫಲಿತಾಂಶಕ್ಕೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದರೆ ಕಾದುದೆಲ್ಲ ವ್ಯರ್ಥ. ಆದುದರಿಂದ ಕಾರ್ಡನ್ನು ಕೊಡುವುದಕ್ಕೆ ಮೊದಲು ಮನಸ್ಸಿನಲ್ಲಿಯೇ ಕ್ರಮವಿಧಿಯನ್ನು ನಾಲ್ಕು ಸಲ ನಡೆಸಿ ನೋಡುವ ಅಭ್ಯಾಸವು ತಾನಾಗಿ ಬೆಳೆಯಿತು. ಕಾನ್ಪುರದಲ್ಲಿ ಯಾವ ಶಾಖೆಯ ವಿದ್ಯಾರ್ಥಿಯಾದರೂ ಈ ಪಾಠವನ್ನು ಕಲಿಯುವಂತೆ ಏರ್ಪಾಡಾಯಿತು; ಹೊರಗಿನ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ಅಲ್ಪಕಾಲದ ತರಗತಿಗಳು ನಡೆದುವು. ಎಚ್. ಎನ್. ಮಹಾಬಲ ಅವರು ಅಲ್ಲಿ ಕಲಿಸಿ, ಬಳಿಕ ಮದರಾಸಿನ ಐ.ಐ.ಟಿ.ಯಲ್ಲಿ ಈ ವಿದ್ಯೆಗೆ ತಳಹದಿ ಹಾಕಿದರು. ರಾಜಾರಾಮನ್ನರ ಕ್ರಮವಿಧಿ ರಚನೆಯ ಪಠ್ಯಪುಸ್ತಕವು ೧೯೬೯ರಲ್ಲಿ ಅಚ್ಚಾಗಿ, ಬಡ ವಿದ್ಯಾರ್ಥಿಯೂ ಕೊಳ್ಳಬಹುದಾದ ಬೆಲೆಗೆ ದೊರೆತು, ಯಂತ್ರವನ್ನೇ ಕಾಣದ ಊರುಗಳಿಗೂ ಹೋಯಿತು.

೧೯೭೧ರಲ್ಲಿ ಕಾನ್ಪುರವು ಎಂ.ಟೆಕ್. ಮತ್ತು ಪಿಎಚ್.ಡಿ. ಪದವಿಗಳಿಗೆ ಗಣಕಶಾಸ್ತ್ರವನ್ನು ಸ್ವತಂತ್ರ ವಿಷಯವನ್ನಾಗಿ ಮಾಡಿತು. ಬಿ.ಟೆಕ್. ಆರಂಭವಾದುದು ೧೯೭೮ರಲ್ಲಿ. ಯಂತ್ರ ಬಂದು ಹದಿನೈದು ವರ್ಷ! ಈ ಅವಧಿಯಲ್ಲಿ ಗಣಕದ ಹಂಬಲವಿದ್ದ ತರುಣರು ಸುತ್ತುದಾರಿ ಹಿಡಿಯಬೇಕಾಗಿದ್ದಿತು. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗಿನಲ್ಲಿ ೧೯೬೭ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದು ೧೯೬೯ರಲ್ಲಿ ಕಾನ್ಪುರದ ಎಂ.ಟೆಕ್. ಮುಗಿಸಿದ ಎನ್. ಆರ್. ನಾರಾಯಣಮೂರ್ತಿಗಳ ದಾರಿ ಇದೇ. ಮುಂದೆ ಸಾವಿರಾರು ಗಣಕಪದವೀಧರರಿಗೆ ಕೆಲಸ ಕೊಟ್ಟವರು ತಮ್ಮ ಮೊದಲ ಪದವಿಯನ್ನು ಬೇರೆ ವಿಷಯದಲ್ಲಿ ಪಡೆಯಬೇಕಾಗಿ ಬಂದುದು ಕಾಲಧರ್ಮ.

ಈ ಹದಿನೈದು ವರ್ಷದ ತಡವನ್ನು ಆಲಸ್ಯವೆಂದು ಕರೆಯಲು ನಮಗೆ ಮನಸ್ಸಿಲ್ಲ. ದೇಶದಲ್ಲಿ ಯಂತ್ರಗಳು ವಿರಳವಾಗಿದ್ದುವು. ಪದವೀಧರರಿಗೆ ಕೆಲಸ ಕೊಡುವವರು ಇನ್ನೂ ವಿರಳ. ಹದಿನೆಂಟರ ಹುಡುಗನನ್ನು ಇಷ್ಟು ಕಿರಿದಾದ ದಾರಿಗೆ ಹಚ್ಚುವುದು ಸರಿಯೇ ಎಂಬ ಅಳುಕು ಹಿರಿಯರಿಗೆ ಇದ್ದುದು ಸಹಜ. ಆ ಅವಧಿಯಲ್ಲಿ ಅವರು ಮಾಡಿದ ಒಂದು ಕೆಲಸವು ಮಾತ್ರ ದೊಡ್ಡದು: ಕಲಿಸುವವರನ್ನು ಮೊದಲು ತಯಾರು ಮಾಡಿದರು. ಪದವಿಯು ತೆರೆದಾಗ ಅದರ ಹಿಂದೆ ಈ ವಿಷಯವನ್ನೇ ಆಳವಾಗಿ ಓದಿದ ಉಪಾಧ್ಯಾಯರ ತಂಡವೊಂದು ಇದ್ದಿತು. ಬಿ.ಟೆಕ್. ತೆರೆದ ಆ ೧೯೭೮ರಲ್ಲಿಯೇ, ವಿದೇಶೀ ಬಂಡವಾಳದ ಕಾನೂನಿಗೆ ಒಪ್ಪದ ಐ.ಬಿ.ಎಂ. ಸಂಸ್ಥೆಯು ಭಾರತವನ್ನು ಬಿಟ್ಟು ಹೋಯಿತು. ಯಂತ್ರದ ವರ್ತಕನು ಹೊರಟುಹೋದ ವರ್ಷವೇ ವಿದ್ಯೆಯು ಗೃಹಪ್ರವೇಶ ಮಾಡಿತೆಂಬುದು ವಿನೋದದ ಸಂಗತಿ.

ಮುಂದಿನ ಕಥೆ ವೇಗವಾಗಿ ಸಾಗುವುದು. ಮದರಾಸಿನಲ್ಲಿ ೧೯೮೩ರಲ್ಲಿ ಬಿ.ಟೆಕ್. ಆರಂಭವಾಯಿತು. ಬೇರೆ ವಿಷಯಗಳ ಪದವೀಧರರಿಗಾಗಿ ರಾಜಾರಾಮನ್ನರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಎಂ.ಸಿ.ಎ. ಎಂಬ ಪದವಿಯು ಹುಟ್ಟಿತು. ೧೯೮೪ರ ಹೊಸ ನೀತಿಯಿಂದ ಯಂತ್ರಗಳ ಆಮದು ಸುಲಭವಾಯಿತು; ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತು. ನಮ್ಮ ನಾಡಿನ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಈ ಶಾಖೆಯನ್ನು ತೆರೆದುವು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಪಾಠಕ್ರಮಕ್ಕೆ ಒಳಪಟ್ಟುವು. ಪುಸ್ತಕದಲ್ಲಿ ಆ ಪಾಠಕ್ರಮವು ಲೋಕದ ಯಾವ ಪಾಠಕ್ರಮಕ್ಕೂ ಕಡಮೆಯಲ್ಲ. ೧೯೬೮ರ ನಾಲ್ಕು ತಳಹದಿಗಳ ವಂಶವನ್ನು ಅದರಲ್ಲಿ ಸುಲಭವಾಗಿ ಗುರುತಿಸಬಹುದು. ಕೊರತೆ ಬಿದ್ದುದು ಕಾನ್ಪುರವು ಮೊದಲು ಒದಗಿಸಿಕೊಂಡಿದ್ದ ವಸ್ತುವಿನಲ್ಲಿ, ಎಂದರೆ ಉಪಾಧ್ಯಾಯರಲ್ಲಿ. ಒಳ್ಳೆಯ ಪದವೀಧರನಿಗೆ ಕಂಪೆನಿಯು ಕೊಡುವ ಸಂಬಳವನ್ನು ಕಾಲೇಜು ಕೊಡಲಾರದು. ಆದಕಾರಣ ಹಲವೆಡೆಗಳಲ್ಲಿ ನಿನ್ನೆ ಕಲಿತವರೇ ಇಂದು ಕಲಿಸುವವರಾದರು.

ಇದರ ಫಲವನ್ನು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಕಾಣಬಹುದು. ವರ್ಷದ ಮೊದಲೇ ಹತ್ತು ಹನ್ನೆರಡು ಕ್ರಮವಿಧಿಗಳ ಪಟ್ಟಿಯನ್ನು ಕೊಟ್ಟಿರುವರು. ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಬಂದುದನ್ನು ಬರೆದು ನಡೆಸಿ ತೋರಿಸಬೇಕು. ಅನೇಕರು ಇವುಗಳನ್ನು ಅಮರಕೋಶದಂತೆ ಬಾಯಿಪಾಠ ಮಾಡಿಕೊಂಡು ಬರುವರು. ಅಮರಕೋಶವನ್ನಾದರೂ ಬಾಯಿಪಾಠ ಮಾಡಿದವನಿಗೆ ಜೀವಮಾನವೆಲ್ಲ ಶಬ್ದಗಳು ಒದಗುವುವು. ಅರ್ಥ ತಿಳಿಯದೆ ಉರುಹೊಡೆದ ಕ್ರಮವಿಧಿಯು ಪರೀಕ್ಷಾಮಂದಿರದ ಬಾಗಿಲಾಚೆಗೆ ಬಾರದು. ಹ್ಯಾಮಿಂಗರು ಬೇಡಿದ ಕೈಕೆಲಸ ಇದಲ್ಲ.

ವಿವಾಹದ ದಾಖಲೆಯ ಡೈಕ್‌ಸ್ಟ್ರ ಅವರು ೧೯೮೮ರಲ್ಲಿ ಇದಕ್ಕೆ ಕಠಿಣವಾದ ಚಿಕಿತ್ಸೆಯೊಂದನ್ನು ಸೂಚಿಸಿದ್ದರು. ಮೊದಲ ವರ್ಷದ ಮಕ್ಕಳಿಗೆ ಯಂತ್ರವನ್ನೇ ಮುಟ್ಟಗೊಡಬಾರದು. ಯಾವ ಯಂತ್ರದಲ್ಲಿಯೂ ನಡೆಯದ ಒಂದು ಸಣ್ಣ ಭಾಷೆಯಲ್ಲಿ ಕ್ರಮವಿಧಿಯನ್ನು ಬರೆಯಿಸಿ, ಅದು ಸರಿಯೆಂಬುದನ್ನು ರೇಖಾಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸುವಂತೆ ಮಾಡಬೇಕು. ನಡೆಸಿ ನೋಡುವ ಆಸೆಯೇ ಆಗ ಹುಟ್ಟದು. ಮರುವರ್ಷ ಇದು ಎ.ಸಿ.ಎಂ. ಪತ್ರಿಕೆಯಲ್ಲಿ ಹಲವು ವಿದ್ವಾಂಸರ ಉತ್ತರಗಳೊಡನೆ ಪ್ರಕಟವಾಯಿತು. ಬಹುಜನರು ಇದನ್ನು ಅತಿರೇಕವೆ೦ದರು. ನಮಗೂ ಹಾಗೆಯೇ ತೋರುವುದು. ಈಜನ್ನು ದಡದ ಮೇಲೆ ಕಲಿಸಲಾಗದು. ಆದರೆ ೨೦೨೨ರ ಈಚೆಗೆ, ಕನ್ನಡದಲ್ಲಿ ಕೇಳಿದರೂ ಕ್ರಮವಿಧಿಯನ್ನು ತಾನೇ ಬರೆದುಕೊಡುವ ಯಂತ್ರಗಳು ವಿದ್ಯಾರ್ಥಿಯ ಕೈಗೆ ಬಂದ ಮೇಲೆ, ಆ ಅತಿರೇಕದ ಮಾತನ್ನು ಮತ್ತೆ ತೆಗೆದು ಓದುವುದು ಅಗತ್ಯವಾಗಿದೆ. ಬರೆಯುವ ಕೆಲಸವನ್ನು ಯಂತ್ರವು ಮಾಡಿದರೆ, ಬರೆದುದು ಸರಿಯೇ ಎಂದು ನಿರ್ಣಯಿಸುವುದೊಂದೇ ವಿದ್ಯಾರ್ಥಿಯ ಪಾಲಿಗೆ ಉಳಿಯುವುದು. ಪ್ರಮೇಯದಂತೆ ಸಾಧಿಸಬೇಕೆಂದು ಅವರು ಹೇಳಿದುದು ಅದನ್ನೇ.

ಈಗಿನ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಕ್ರಮವಿಧಿಯನ್ನು ನಡೆಸಿ ತೋರಿಸುವುದಕ್ಕೆ ಹೆಚ್ಚು ಅಂಕಗಳೂ, ಅದು ಏಕೆ ಹಾಗೆ ನಡೆಯಿತೆಂದು ಕೇಳುವ ಮೌಖಿಕ ಪರೀಕ್ಷೆಗೆ ಅದರ ಸಣ್ಣದೊಂದು ಪಾಲೂ ಇರುವುವು. ಈ ಹಂಚಿಕೆಯನ್ನು ತಲೆಕೆಳಗು ಮಾಡುವುದಕ್ಕೆ ಹೊಸ ಕಟ್ಟಡವಾಗಲಿ, ಹೊಸ ಯಂತ್ರವಾಗಲಿ ಬೇಕಾಗಿಲ್ಲ. ಬೇಕಾಗುವುದು, ಒಂದೊಂದು ವಿದ್ಯಾರ್ಥಿಯ ಮುಂದೆಯೂ ಅರ್ಧ ಗಂಟೆ ಕುಳಿತು ಪ್ರಶ್ನೆ ಕೇಳಬಲ್ಲ ಉಪಾಧ್ಯಾಯರು.